ಪಿಂಚಣಿ ವಿಷಯದಲ್ಲಿ ರಾಜ್ಯದ ಮಾತು ಎಲ್ಲಿವರೆಗೆ ನಡೆಯುತ್ತೆ?

[ದೃಶ್ಯ: ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಮೇಜಿನ ಮೇಲೆ ಎರಡು ಸಂಬಳದ ಚೀಟಿ.]

ನಮಸ್ಕಾರ, ಮಂಡ್ಯದಿಂದ ಮಾತಾಡುತ್ತಿದ್ದೇನೆ.

ಈ ಎರಡು ಚೀಟಿ ನೋಡಿ. ಒಂದು ನಮ್ಮ ಅಕ್ಕನದು. ಇನ್ನೊಂದು ಅವಳ ಪಕ್ಕದ ಕುರ್ಚಿಯ ಮೇಷ್ಟ್ರದು. ಅದೇ ಶಾಲೆ, ಅದೇ ಮಕ್ಕಳು, ಅದೇ ಬಿಸಿಯೂಟದ ಲೆಕ್ಕ. ಮೇಷ್ಟ್ರು ಕೆಲಸಕ್ಕೆ ಸೇರಿದ್ದು 2005ರಲ್ಲಿ, ಅಕ್ಕ 2007ರಲ್ಲಿ.

ಅಕ್ಕನ ಚೀಟಿಯಲ್ಲಿ, ಕಡಿತದ ಕಡೆ, ಒಂದು ಸಾಲು ಜಾಸ್ತಿ ಇದೆ: ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ನೂರಕ್ಕೆ ಹತ್ತು ರೂಪಾಯಿ ಪ್ರತಿ ತಿಂಗಳು ಹೋಗುತ್ತೆ. ಸರ್ಕಾರವೂ ತನ್ನ ಪಾಲಿನ ವಂತಿಗೆ ಹಾಕುತ್ತೆ. ಆ ದುಡ್ಡು ಮಾರುಕಟ್ಟೆಯಲ್ಲಿ ಬೆಳೆದಷ್ಟು ಬೆಳೆಯಬೇಕು. ನಿವೃತ್ತಿ ಹೊತ್ತಿಗೆ ಅದರಲ್ಲಿ ಕನಿಷ್ಠ ಶೇ 40ರಷ್ಟನ್ನು ವಿಮಾ ಕಂಪನಿಗೆ ಕೊಟ್ಟು ಪಿಂಚಣಿ ಕೊಂಡುಕೊಳ್ಳಬೇಕು. ತಿಂಗಳಿಗೆ ಎಷ್ಟು ಸಿಗುತ್ತೆ? ಅಕ್ಕನಿಗೆ ಗೊತ್ತಿಲ್ಲ. ಮೇಷ್ಟ್ರಿಗೆ ಗೊತ್ತು. ಪೂರ್ತಿ ಸೇವೆ ಮುಗಿಸಿದರೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಇದೇ ಹಳೆ ಪಿಂಚಣಿ.

ಇಬ್ಬರ ಮಧ್ಯೆ ಗೆರೆ ಎಳೆದ ದಿನ 2006ರ ಏಪ್ರಿಲ್ 1. ಈ ಗೆರೆ ಎಳೆದವರು ಯಾರು? "ದೆಹಲಿಯವರು" ಅಂತ ತುಂಬಾ ಜನ ಹೇಳುತ್ತಾರೆ. ಅಲ್ಲ. ಕೇಂದ್ರ ತನ್ನ ನೌಕರರಿಗೆ ಎನ್‌ಪಿಎಸ್ ತಂದಿದ್ದು 2004ರ ಜನವರಿ 1ರಿಂದ. ನಮ್ಮ ನೌಕರರನ್ನು ಅದಕ್ಕೆ ಸೇರಿಸಿದ್ದು ನಮ್ಮ ರಾಜ್ಯ ಸರ್ಕಾರವೇ.

[ತೆರೆ ಮೇಲೆ: ಸಂವಿಧಾನದ 7ನೇ ಅನುಸೂಚಿ, ರಾಜ್ಯ ಪಟ್ಟಿ, 42ನೇ ನಮೂದು]

ಸಂವಿಧಾನ ಇಲ್ಲಿ ಸ್ಪಷ್ಟವಾಗಿದೆ. ರಾಜ್ಯದ ಖಜಾನೆಯಿಂದ ಕೊಡುವ ಪಿಂಚಣಿ ರಾಜ್ಯದ ವಿಷಯ. ಕೇಂದ್ರದ ಖಜಾನೆಯಿಂದ ಕೊಡುವುದು ಕೇಂದ್ರದ ವಿಷಯ. ಹಾಗಾಗಿಯೇ ಪಶ್ಚಿಮ ಬಂಗಾಳ ಎನ್‌ಪಿಎಸ್‌ಗೆ ಸೇರಲೇ ಇಲ್ಲ. ಯಾರೂ ಬಲವಂತ ಮಾಡುವಂತಿರಲಿಲ್ಲ. ನಮ್ಮಲ್ಲೂ 2024ರ ಜನವರಿಯಲ್ಲಿ ಸುಮಾರು 13 ಸಾವಿರ ನೌಕರರನ್ನು ಹಳೆ ಪಿಂಚಣಿಗೆ ತಂದ ಆದೇಶ ಬಂತು. ಅವರ ನೇಮಕಾತಿ ಅಧಿಸೂಚನೆ 2006ಕ್ಕೆ ಮೊದಲೇ ಹೊರಟಿತ್ತು, ಕೆಲಸಕ್ಕೆ ಸೇರಿದ್ದು ಮಾತ್ರ ಆಮೇಲೆ. ಆ ಆದೇಶಕ್ಕೆ ದೆಹಲಿಯ ಸಹಿ ಬೇಕಾಗಲಿಲ್ಲ.

ಹಾಗಾದರೆ ರಾಜ್ಯದ ಮಾತೇ ಕೊನೆಯ ಮಾತು, ಅಲ್ವಾ? ಇಲ್ಲೇ ತೊಡಕಿರೋದು.

ರಾಜಸ್ಥಾನ, ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶ 2022-23ರ ಹೊತ್ತಿಗೆ ಹಳೆ ಪಿಂಚಣಿಗೆ ವಾಪಸ್ ಹೋಗುವ ತೀರ್ಮಾನ ಮಾಡಿದವು. ಆಮೇಲೆ, ಇಷ್ಟು ವರ್ಷ ಎನ್‌ಪಿಎಸ್‌ಗೆ ಕಟ್ಟಿದ ದುಡ್ಡು ವಾಪಸ್ ಕೊಡಿ ಅಂತ ಕೇಳಿದವು. ಎನ್‌ಪಿಎಸ್ ಉಸ್ತುವಾರಿ ನೋಡುವ ಪಿಂಚಣಿ ನಿಧಿ ಪ್ರಾಧಿಕಾರದ 2013ರ ಕಾಯ್ದೆಯಲ್ಲಿ ಹಾಗೆ ರಾಜ್ಯಕ್ಕೆ ವಾಪಸ್ ಕೊಡಲು ಅವಕಾಶವೇ ಇಲ್ಲ ಅಂತ ಕೇಂದ್ರ ಹೇಳಿತು. ಆ ಕಾಯ್ದೆ ಸಂಸತ್ತಿನದು. ವಿಧಾನಸಭೆ ಅದರ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ.

ಸಾಲದ ವಿಷಯವೂ ಇದೆ. ಕೇಂದ್ರಕ್ಕೆ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಇದು ಸಂವಿಧಾನದ 293ನೇ ವಿಧಿ. ಎನ್‌ಪಿಎಸ್‌ಗೆ ಕಟ್ಟುವ ವಂತಿಗೆಯಷ್ಟು ಹೆಚ್ಚುವರಿ ಸಾಲಕ್ಕೆ ಕೇಂದ್ರ ಅವಕಾಶ ಕೊಡುತ್ತೆ. ಎನ್‌ಪಿಎಸ್ ಬಿಟ್ಟರೆ ಆ ಅವಕಾಶ ಹೋಯಿತು.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆ ನಮ್ಮ ಕನ್ನಂಬಾಡಿ, ವಿ.ಸಿ. ನಾಲೆ ನಮ್ಮ ಗದ್ದೆ ಪಕ್ಕದಲ್ಲೇ ಹರಿಯುತ್ತೆ. ನೀರು ಎಷ್ಟು ಬಿಡಬೇಕು ಅನ್ನೋ ಮಾತು ಮಾತ್ರ ದೆಹಲಿಯಲ್ಲಿ.

ಹಳೆ ಪಿಂಚಣಿಯ ಹೊರೆ ಸಣ್ಣದಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕ್ ಎಚ್ಚರಿಕೆ ಕೊಟ್ಟಿದೆ. ಇವತ್ತು ಘೋಷಣೆ ಮಾಡಿದವರು ಅಲ್ಲ, 20-30 ವರ್ಷ ಆದ ಮೇಲೆ ಬರುವ ಸರ್ಕಾರ ಅದನ್ನು ಕಟ್ಟಬೇಕು. ನನ್ನ ತಕರಾರು ಬೇರೆ. ಇಷ್ಟು ದೊಡ್ಡ ಬದಲಾವಣೆ ಆಗುವಾಗ ರಾಜ್ಯಗಳಿಗೆ ಒಂದು ಮತ ಬೇಡವೇ?

2024ರ ಆಗಸ್ಟ್ 24ರಂದು ಕೇಂದ್ರ ಸಂಪುಟ ತನ್ನ ನೌಕರರಿಗೆ ಏಕೀಕೃತ ಪಿಂಚಣಿ, ಅಂದರೆ ಯುಪಿಎಸ್, ಒಪ್ಪಿತು. 25 ವರ್ಷ ಸೇವೆ ಆದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತರಿ. 2025ರ ಏಪ್ರಿಲ್ 1ರಿಂದ ಜಾರಿ. ಇದಕ್ಕಾಗಿ ತಾನೇ ನೇಮಿಸಿದ್ದ ಟಿ.ವಿ. ಸೋಮನಾಥನ್ ಸಮಿತಿ ರಾಜ್ಯಗಳ ಜೊತೆ ಮಾತಾಡಿದೆ ಅಂತ ಕೇಂದ್ರ ಹೇಳಿತು. ಮಾತಾಡಿರಬಹುದು. ತೀರ್ಮಾನ ಮಾತ್ರ ಕೇಂದ್ರದ್ದು. ರಾಜ್ಯಗಳಿಗೆ ಉಳಿದಿದ್ದು, ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ. ಮಹಾರಾಷ್ಟ್ರ ಮರುದಿನವೇ ತಗೊಂಡಿತು.

[ತೆರೆ ಮೇಲೆ: ಕೆನಡಾ ನಕ್ಷೆ]

ಕೆನಡಾದಲ್ಲಿ ಬೇರೆ ದಾರಿ ಇದೆ. 1966ರಲ್ಲಿ ಶುರುವಾದ ಅಲ್ಲಿನ ಪಿಂಚಣಿ ಯೋಜನೆ ಸರ್ಕಾರಿ ನೌಕರರಿಗಷ್ಟೇ ಅಲ್ಲ, ದುಡಿಯುವ ಎಲ್ಲರಿಗೂ ಇದೆ. ಅದರಲ್ಲಿ ದೊಡ್ಡ ಬದಲಾವಣೆ ಆಗಬೇಕಾದರೆ 10 ಪ್ರಾಂತ್ಯಗಳಲ್ಲಿ ಕನಿಷ್ಠ 7 ಒಪ್ಪಬೇಕು, ಆ ಪ್ರಾಂತ್ಯಗಳಲ್ಲಿ ದೇಶದ ಮೂರನೇ ಎರಡರಷ್ಟು ಜನ ಇರಬೇಕು. ಕ್ವಿಬೆಕ್ ಪ್ರಾಂತ್ಯ ಮೊದಲಿಂದಲೂ ತನ್ನದೇ ಯೋಜನೆ ನಡೆಸುತ್ತಿದೆ. ಪಿಂಚಣಿ ಸಾಲದು ಅಂತ ಒಂಟಾರಿಯೊ ತನ್ನದೇ ಬೇರೆ ಯೋಜನೆಗೆ ಹೊರಟಾಗ ಕೇಂದ್ರದ ಮೇಲೆ ಒತ್ತಡ ಬಿತ್ತು. 2016ರಲ್ಲಿ ಕೇಂದ್ರ ಮತ್ತು ಕ್ವಿಬೆಕ್ ಬಿಟ್ಟು ಉಳಿದ ಪ್ರಾಂತ್ಯಗಳವರು ಪಿಂಚಣಿಯನ್ನು ದುಡಿಮೆಯ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಏರಿಸಲು ಒಪ್ಪಿದರು.

ನಮ್ಮಲ್ಲಿ ಇಂಥದ್ದು ಆಗೋದಿಲ್ಲ ಅನ್ನಬೇಡಿ. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳಿಗೆ ಮೂರನೇ ಎರಡರಷ್ಟು ಮತದ ತೂಕ ಇದೆ. ತೆರಿಗೆಗೆ ಇರುವ ಮೇಜು ಪಿಂಚಣಿಗೆ ಯಾಕಿಲ್ಲ?

[ದೃಶ್ಯ: ಮಂಡ್ಯ, ನಮ್ಮ ಬೀದಿ. ಜಗುಲಿ ಮೇಲೆ ಅಜ್ಜಿ, ಕೈಯಲ್ಲಿ ಪಾಸ್‌ಬುಕ್.]

ಸಂಬಳದ ಚೀಟಿಯೇ ಇಲ್ಲದವರ ಪಿಂಚಣಿಯೂ ಇದೆ. ನಮ್ಮ ಪಕ್ಕದ ಮನೆ ಅಜ್ಜಿಗೆ 72. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದ ಜೀವ. ಅವರಿಗೆ ರಾಷ್ಟ್ರೀಯ ವೃದ್ಧಾಪ್ಯ ವೇತನ ತಿಂಗಳಿಗೆ 1,200 ರೂಪಾಯಿ. ಹೆಸರಿನಲ್ಲಿ "ರಾಷ್ಟ್ರೀಯ" ಇದೆ, ಆದರೆ ಅದರಲ್ಲಿ ಕೇಂದ್ರದ ಪಾಲು 200. ಉಳಿದ ಸಾವಿರ ರಾಜ್ಯದ್ದು. 2007ರಲ್ಲೂ 200, ಇವತ್ತಿಗೂ 200. 80 ದಾಟಿದರೆ 500. ರಾಜ್ಯ ತನ್ನ ಪಾಲು ಏರಿಸಬಹುದು, ಏರಿಸಿದೆ. ಆ 200ನ್ನು ಮುಟ್ಟುವ ಹಕ್ಕು ಅದಕ್ಕಿಲ್ಲ.

"ಬಂದದಾ ನೋಡ್ಕೊಡು ಮಗಾ" ಅಂತ ಅಜ್ಜಿ ಪಾಸ್‌ಬುಕ್ ಕೊಟ್ಟರು. ಬಂದಿತ್ತು. ಸಾವಿರ ಬೆಂಗಳೂರಿಂದ, ಇನ್ನೂರು ದೆಹಲಿಯಿಂದ ಅಂತ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರೀ ಇನ್ನೂರಾ? ಎಂಪಿ ಓಟು ಕೇಳಕ್ಕೆ ಬತ್ತಾರಲ್ಲ, ಆಗ ನಾನೇ ಕೇಳ್ತೀನಿ ಬುಡು" ಅಂದರು.