ಮೇನಲ್ಲಿ ಕಾದ ಕಲ್ಲು, ಆಗಸ್ಟಿನಲ್ಲಿ ಕೆಸರುಗದ್ದೆ

[ದೃಶ್ಯ: ಗೋಕರ್ಣ. ಕುಡ್ಲೆಯಿಂದ ಓಂ ಬೀಚಿಗೆ ಹೋಗುವ ಕಾಲುದಾರಿ. ಗಾಳಿಯ ಸದ್ದು.]

ನಮಸ್ಕಾರ. ಈ ದಾರಿಯಲ್ಲಿ ನಡೆದವರೆಲ್ಲ ಕೆಳಗಿನ ಸಮುದ್ರದ ಫೋಟೋ ತೆಗೆಯುತ್ತಾರೆ. ನಾವು ಇವತ್ತು ಕಾಲಬುಡ ನೋಡೋಣ.

[ದೃಶ್ಯ: ಒಂದೇ ಕಡೆ ವಾಲಿದ ಪೊದೆ.]

ಇದನ್ನು ನೋಡಿ. ಸಮುದ್ರದ ಕಡೆ ಬೋಳು, ಗುಡ್ಡದ ಕಡೆ ದಟ್ಟ. ತಲೆಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಹಾಗಿದೆ, ಅಲ್ವಾ? ಗಾಳಿ ದೂಡಿ ಬಾಗಿಸಿದ್ದು ಅಂತಲೇ ನಾನು ಬಹಳ ದಿನ ಅಂದುಕೊಂಡಿದ್ದೆ. ಆದರೆ ಜಾಸ್ತಿ ಪೆಟ್ಟು ಕೊಡುವುದು ಗಾಳಿ ಹೊತ್ತು ತರುವ ಉಪ್ಪು. ಅಲೆ ಬಂಡೆಗೆ ಅಪ್ಪಳಿಸಿದಾಗ ಹಾರಿದ ಹನಿ ಎಳೆ ಚಿಗುರಿನ ಮೇಲೆ ಕೂರುತ್ತದೆ. ಉಪ್ಪು ಹಾಕಿಟ್ಟ ಮಾವಿನ ಹೋಳು ನೀರು ಬಿಡುತ್ತದಲ್ಲ, ಹಾಗೇ ಚಿಗುರೂ ನೀರು ಕಳೆದುಕೊಂಡು ಕರಕಲಾಗುತ್ತದೆ. ಮರೆಯಲ್ಲಿದ್ದ ಚಿಗುರು ಬದುಕುತ್ತದೆ.

ಹಾಗಾಗಿ ಕೆಳಗಿನಿಂದ ಮೇಲೆ ಹತ್ತಿದಂತೆ ಗಿಡಗಳೂ ಬದಲಾಗುತ್ತವೆ. ಅಲೆ ತಾಗುವ ಬಂಡೆಯ ಮೇಲಿನ ಕಪ್ಪು ಪಟ್ಟಿ ಒಂದು ಜಾತಿಯ ಪಾಚಿ. ಕಾಲಿಟ್ಟರೆ ಜಾರಿತು, ಹುಷಾರು. ನೀರು ಜಿನುಗುವ ಸಂದಿಯಲ್ಲಿ ಕೇದಗೆ. ಮೇಲೆ ಕರಡ ಹುಲ್ಲು, ಕುಸುಮಾಲೆ, ಕವಳಿ ಪೊದೆಗಳು.

[ದೃಶ್ಯ: ಮಳೆಗಾಲ. ಚಿರೆಕಲ್ಲಿನ ಹಾಸು, ನೀಲಿ ಹೂ.]

ನನಗೆ ಇಷ್ಟದ ಜಾಗ ಗುಡ್ಡದ ನೆತ್ತಿಯ ಚಿರೆಕಲ್ಲು. ಇದಕ್ಕೆ ಲ್ಯಾಟರೈಟ್ ಅಂತ 1807ರಲ್ಲಿ ಹೆಸರಿಟ್ಟವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಇಟ್ಟಿಗೆ ಎನ್ನುವ ಲ್ಯಾಟಿನ್ ಪದದಿಂದ ಬಂದದ್ದು. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ!

ಮೇ ತಿಂಗಳಲ್ಲಿ ಇದರ ಮೇಲೆ ಬರಿಗಾಲಲ್ಲಿ ನಿಲ್ಲಲಾಗದು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಸಮುದ್ರ ಎಷ್ಟೇ ಅಬ್ಬರಿಸಲಿ, ಬಿದ್ದ ಉಪ್ಪನ್ನು ಮಳೆಯೇ ತೊಳೆಯುತ್ತದೆ. ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ಕೆಸರುಗದ್ದೆಯಾಗುತ್ತದೆ.

ನೀರೇನೋ ಬಂತು, ಊಟ? ಚಿರೆಕಲ್ಲಿನಲ್ಲಿ ಕಬ್ಬಿಣ ಧಾರಾಳ, ಸಾರಜನಕ ತೀರಾ ಕಡಿಮೆ. ಅದಕ್ಕೇ ಪಶ್ಚಿಮ ಕರಾವಳಿಯ ಇಂಥ ಹಾಸುಗಳಲ್ಲಿ ಕೆಲವು ಗಿಡಗಳು ಸಾರಜನಕಕ್ಕಾಗಿ ಹುಳಗಳ ಬೇಟೆಗೆ ಇಳಿದಿವೆ. ಡ್ರೊಸೆರಾ ಎಲೆಯ ಕೂದಲ ತುದಿಯಲ್ಲಿ ಅಂಟು ಹನಿ ಹಿಡಿದು ಕಾಯುತ್ತದೆ. ಯುಟ್ರಿಕ್ಯುಲೇರಿಯಾ ಇನ್ನೂ ಚಾಲಾಕಿ. ಮೇಲೆ ಸುಮ್ನೆ ಪುಟ್ಟ ನೀಲಿ ಹೂ. ಕೆಸರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳು. ಚೀಲ ಒಳಗಿನ ನೀರನ್ನು ಹೊರಹಾಕಿ, ಬಾಗಿಲು ಮುಚ್ಚಿ ಕೂತಿರುತ್ತದೆ. ಸೂಕ್ಷ್ಮ ಹುಳ ಬಾಗಿಲು ತಾಗಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ ನೀರಿನ ಜೊತೆ ಒಳಗೆ.

ಮಳೆ ನಿಂತು ನೀರು ಆರಿದರೆ ಇವೂ ಒಣಗುತ್ತವೆ. ಬೀಜ ಕಲ್ಲಿನ ತೂತುಗಳಲ್ಲಿ ಉಳಿಯುತ್ತದೆ. ಡಿಸೆಂಬರಿನಲ್ಲಿ ಬಂದವರಿಗೆ ಕಾಣುವುದು ಬೋಳು ಕಲ್ಲು, ಬೈಕ್ ನಿಲ್ಲಿಸಲು ಒಳ್ಳೆ ಜಾಗ.

[ದೃಶ್ಯ: ಅದೇ ಕಲ್ಲು, ಬಿಸಿಲು. ಬೈಕಿನ ಸ್ಟ್ಯಾಂಡ್ ಊರಿದ ತೂತಿನ ಹತ್ತಿರದ ನೋಟ.]