ಬೋನ್ ಊರಿಗೆ ಮೂರು ನೋಟ

ನಮಸ್ಕಾರ. ಬಾನುಲಿಯವರು ಫೋನ್ ಮಾಡಿ, "ಸರ್, ಫ್ರಾನ್ಸಿನ ಯಾವುದಾದರೂ ಒಂದು ಚಿಕ್ಕ ಊರಿನ ಬಗ್ಗೆ ಮಾತಾಡಿ, ರಜೆಗೆ ಹೊರಡುವವರಿಗೆ ಉಪಯೋಗ ಆಗುತ್ತೆ" ಅಂದರು. ನಾನು ಪ್ರವಾಸದ ಪಂಡಿತನಲ್ಲ. 31 ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಹೇಳಿಕೊಟ್ಟವನು. ಇಷ್ಟು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ರೇಡಿಯೊ ಆಫ್ ಮಾಡಲು ಎದ್ದಿರಬಹುದು. ಕೂತ್ಕೊಳ್ಳಿ. ಇವತ್ತು ಪರೀಕ್ಷೆ ಇಲ್ಲ.

ಊರಿನ ಹೆಸರು ಬೋನ್. ಇಲಿ ಹಿಡಿಯುವ ಬೋನು ಇದೆಯಲ್ಲ, ಹೆಚ್ಚುಕಡಿಮೆ ಹಾಗೇ. ಫ್ರೆಂಚಿನಲ್ಲಿ ಬರೆಯುವುದು ಆರು ಅಕ್ಷರ, ಬಾಯಿಗೆ ಬರುವುದು ಒಂದೂವರೆ. ಬರ್ಗಂಡಿ ಸೀಮೆಯ ಊರು. ಜನಸಂಖ್ಯೆ ಸುಮಾರು 20 ಸಾವಿರ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ, ಊರೊಳಗೆ ಎಲ್ಲಿ ಅಗೆದರೂ ವೈನ್ ನೆಲಮಾಳಿಗೆ.

"ವೈನ್ ಊರಂತೆ, ಕುಡಿಯದವರಿಗೆ ಅಲ್ಲೇನು ಕೆಲಸ?" ಅಂತ ಕೇಳುತ್ತಾರೆ. ನಾನು ಕುಡಿಯುವುದಿಲ್ಲ. ನನ್ನ ಹೆಂಡತಿ ಒಂದೇ ಒಂದು ಗುಟುಕು ಕುಡಿದು, "ಪುನರ್ಪುಳಿ ಶರಬತ್ತಿಗೆ ಸಕ್ಕರೆ ಹಾಕೋದು ಮರೆತ ಹಾಗಿದೆ" ಅಂದಳು. ಅಲ್ಲಿಗೆ ನಮ್ಮ ವೈನ್ ಅಧ್ಯಯನ ಮುಗಿಯಿತು. ಆದರೂ ಆ ಊರಿನಲ್ಲಿ ನಮಗೆ ಎರಡು ದಿನ ಸಾಲಲಿಲ್ಲ.

ನಾನು ಹೇಳುವುದು ಒಂದೇ ಮಾತು. ಊರನ್ನು ಮೂರು ಕಡೆಯಿಂದ ನೋಡಿ. ಫ್ರಂಟ್ ವ್ಯೂ, ಟಾಪ್ ವ್ಯೂ, ಸೈಡ್ ವ್ಯೂ. ಮುಂದಿನಿಂದ, ಮೇಲಿನಿಂದ, ಪಕ್ಕದಿಂದ. ಒಂದೇ ಕಡೆಯಿಂದ ನೋಡಿ ಬಂದವನು ಆ ಊರನ್ನು ನೋಡಿಯೇ ಇಲ್ಲ. ಇದನ್ನು ನಾನು ಮಕ್ಕಳಿಗೆ ಸಾವಿರ ಸಲ ಹೇಳಿದ್ದೇನೆ. ಹೇಳಿದ ಮೇಲೂ ನಾನೇ ಎಡವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಬೋನ್‌ಗೆ ಮೊದಲ ಸಲ ಹೋದದ್ದು ಬಸ್ ಟೂರ್‌ನಲ್ಲಿ. 12 ದಿನ, 7 ದೇಶ. ಯಾವ ಕಂಪನಿ ಅಂತ ಕೇಳಬೇಡಿ, ಊಟ ಚೆನ್ನಾಗಿಯೇ ಹಾಕಿದರು. ಮಧ್ಯಾಹ್ನ ಬಸ್ಸು ಒಂದು ಮರದ ಕೆಳಗೆ ನಿಂತಿತು. ಟೂರ್ ಮ್ಯಾನೇಜರ್ ಮೈಕಿನಲ್ಲಿ, "ನಲವತ್ತು ನಿಮಿಷ. ಫೋಟೊ ಸ್ಟಾಪ್, ಟಾಯ್ಲೆಟ್ ಸ್ಟಾಪ್" ಅಂದ. ನಲವತ್ತರಲ್ಲಿ ಹದಿನೆಂಟು ನಿಮಿಷ ಟಾಯ್ಲೆಟ್ ಕ್ಯೂನಲ್ಲೇ ಹೋಯಿತು. ಉಳಿದದ್ದರಲ್ಲಿ ಎಲ್ಲರೂ ಓಡುವ ಕಡೆ ನಾನೂ ಓಡಿದೆ. ಒಂದು ಉದ್ದ ಗೋಡೆ. ಬೂದು ಬಣ್ಣ. ಮೇಲೆ ಇಳಿಜಾರಾದ ಕಪ್ಪು ಕಲ್ಲು ಹಲಗೆಯ ಮಾಡು. ಬಾಗಿಲ ಮೇಲೊಂದು ಚೂಪು ಚೂಪು ಚಾವಣಿ, ಅಷ್ಟೇ. ಒಳಗೆ ಹೋಗಲು ಟಿಕೆಟ್ ಬೇಕು, ಟೈಮ್ ಇಲ್ಲ. "ಹಳೇ ಆಸ್ಪತ್ರೆಯಂತೆ" ಅಂತ ಯಾರೋ ಅಂದರು. ನಾನು ಗೋಡೆಯ ಫೋಟೊ ತೆಗೆದೆ, ಬಸ್ ಹತ್ತಿದೆ, ನಿದ್ದೆ ಮಾಡಿದೆ.

ಊರಿಗೆ ಬಂದು ಎರಡು ತಿಂಗಳಾಗಿತ್ತು. ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನು ಈಗ ಕಟ್ಟಡ ಕಂಟ್ರಾಕ್ಟರ್. ಡ್ರಾಯಿಂಗ್‌ನಲ್ಲಿ ಮೂರನೇ ಸಲಕ್ಕೆ ಪಾಸಾದವನು, ಪಾಪ. ಫೋಟೊಗಳನ್ನು ನೋಡುತ್ತಾ ಬೋನ್‌ನ ಗೋಡೆ ಬಂದಾಗ, "ಸರ್, ಇದರ ಹಿಂದುಗಡೆ ತೆಗೆದಿಲ್ವಾ?" ಅಂದ. ಹಿಂದುಗಡೆ ಏನಿದೆ ಮಾರಾಯಾ ಅಂದೆ. ಅವನು ಮೊಬೈಲ್ ತೆಗೆದು ತೋರಿಸಿದ. ಅದೇ ಕಟ್ಟಡದ ಒಳ ಅಂಗಳ. ಮಾಡಿನ ತುಂಬ ಬಣ್ಣದ ಹಂಚು! ಕೆಂಪು, ಕಂದು, ಹಳದಿ, ಹಸಿರು. ಹೊಳೆಯುವ ಹಂಚುಗಳನ್ನು ವಜ್ರಾಕಾರಕ್ಕೆ ಹೆಣೆದು ಹೆಣೆದು, ಅಂಚಿನ ಸೀರೆ ಹಾಸಿದ ಹಾಗೆ. ನಾನು ಅದರ ಎದುರಿಗೇ ನಿಂತಿದ್ದೆ. ನನಗೂ ಅದಕ್ಕೂ ಮಧ್ಯೆ ಇದ್ದದ್ದು ಒಂದು ಗೋಡೆ.

ಅವನು ಮೆಲ್ಲಗೆ ನಕ್ಕು ಹೇಳಿದ. "ಸರ್, ಫ್ರಂಟ್ ವ್ಯೂ ಒಂದೇ ಕೊಟ್ಟರೆ ಹತ್ತಕ್ಕೆ ಮೂರು ಮಾರ್ಕು ಅಂತಿದ್ರಲ್ಲ ನೀವು."

ಆ ಮೂರು ಮಾರ್ಕು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎರಡು ವರ್ಷ ದುಡ್ಡು ಕೂಡಿಟ್ಟು ಮತ್ತೆ ಹೋದೆವು. ಈ ಸಲ ನಾವಿಬ್ಬರೇ. ಪ್ಯಾರಿಸ್ಸಿನಿಂದ ದಿಜೋನ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಬೋನ್‌ಗೆ ಸಣ್ಣ ರೈಲಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಸ್ಟೇಷನ್ನಿನಿಂದ ಪೆಟ್ಟಿಗೆ ಎಳೆದುಕೊಂಡು ನಡೆದೇ ಊರೊಳಗೆ ಹೋಗಬಹುದು. ಎರಡು ರಾತ್ರಿ ಉಳಿಯಿರಿ. ನಲವತ್ತು ನಿಮಿಷ ಅಲ್ಲ, ಎರಡು ರಾತ್ರಿ.

ಆ ಆಸ್ಪತ್ರೆಯ ಹೆಸರು ಓತೆಲ್ ದ್ಯೂ. ಹೋಟೆಲ್ ಅಲ್ಲ, ದೇವರ ಮನೆ ಅಂತ ಅರ್ಥ. 1443ರಲ್ಲಿ ಕಟ್ಟಿಸಲು ಹೊರಟವನು ನಿಕೋಲಾ ರೋಲಾಂ, ಬರ್ಗಂಡಿಯ ಡ್ಯೂಕನ ಮಂತ್ರಿ. ಯುದ್ಧ, ಲೂಟಿ, ಹಸಿವಿನಿಂದ ಊರು ಸೊರಗಿದ್ದ ಕಾಲ. ಬಡವರಿಗೆ ಬಿಟ್ಟಿ ಔಷಧಿ, ಊಟ, ಹಾಸಿಗೆ. ಮೊದಲ ರೋಗಿ ಬಂದದ್ದು 1452ರ ಜನವರಿ 1ಕ್ಕೆ. ಕೊನೆಯವರೆಗೂ, ಅಂದರೆ 1971ರವರೆಗೂ, ಅಲ್ಲಿ ರೋಗಿಗಳು ಮಲಗುತ್ತಿದ್ದರು. ಐನೂರು ವರ್ಷಕ್ಕೂ ಜಾಸ್ತಿ! ರೋಲಾಂ ಜನರಿಂದ ಕಸಿದು ಶ್ರೀಮಂತನಾದವನು ಅಂತ ಕುಹಕವೂ ಇತ್ತು. "ಅಷ್ಟು ಜನರನ್ನು ಬಡವರು ಮಾಡಿದವನು ಬಡವರಿಗೊಂದು ಆಸ್ಪತ್ರೆ ಕಟ್ಟಿಸಿದ್ದು ಸರಿಯೇ" ಅಂತ ಹನ್ನೊಂದನೇ ಲೂಯಿ ರಾಜ ಅಂದನಂತೆ. ರಾಜರ ಬಾಯಿಗೆ ಬೀಗ ಹಾಕುವವರು ಯಾರು.

ಒಳಗೆ ಬಡವರ ಹಾಲ್ ಅಂತ ಒಂದಿದೆ. 50 ಮೀಟರ್ ಉದ್ದ. ಎರಡೂ ಗೋಡೆಗೆ ಸಾಲಾಗಿ ಮಂಚ, ಕೆಂಪು ಪರದೆ. ಒಂದೊಂದು ಮಂಚಕ್ಕೆ ಇಬ್ಬಿಬ್ಬರು ರೋಗಿಗಳು ಮಲಗುತ್ತಿದ್ದರು. ಈಗ ತಲೆ ಎತ್ತಿ. ಮರದ ಚಾವಣಿ ದೋಣಿಯನ್ನು ಬೋರಲು ಹಾಕಿದ ಹಾಗಿದೆ. ಅಡ್ಡ ತೊಲೆಗಳ ತುದಿಯನ್ನು ಬಣ್ಣ ಬಳಿದ ಮಕರದಂಥ ಪ್ರಾಣಿಗಳು ಬಾಯಲ್ಲಿ ಕಚ್ಚಿ ಹಿಡಿದಿವೆ. ಮೇಲೆ ನೋಡಿದಿರಾ? ಈಗ ಕೆಳಗೆ ನೋಡಿ. ನೆಲದ ಬಿಲ್ಲೆಗಳ ಮೇಲೆ ಒಂದು ಪದ, ಪಕ್ಕದಲ್ಲಿ ಒಂದು ನಕ್ಷತ್ರ. 'ಒಬ್ಬಳೇ ತಾರೆ' ಅಂತ. ರೋಲಾಂ ತನ್ನ ಹೆಂಡತಿ ಗಿಗೋನ್‌ಗಾಗಿ ಹಾಕಿಸಿದ್ದು. ಅವಳು ಗಂಡ ತೀರಿಕೊಂಡ ಮೇಲೆ ಇದೇ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡಿಕೊಂಡಿದ್ದು, ಇಲ್ಲೇ ಮಣ್ಣಾದಳು. ನನ್ನ ಹೆಂಡತಿ ಆ ಬಿಲ್ಲೆಗಳನ್ನು ನೋಡಿ, "ನಮ್ಮನೆ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸೋಕೇ ನೀವು ಚೌಕಾಸಿ ಮಾಡಿದ್ರಿ" ಅಂದಳು. ನಾನು ಚಾವಣಿ ನೋಡುತ್ತಾ ನಿಂತೆ.

ಔಷಧಿ ಕೋಣೆ ಬಿಡಬೇಡಿ. ಕಪಾಟಿನ ತುಂಬ ಜಾಡಿಗಳು, ಒಂದೊಂದರ ಮೇಲೂ ಹೆಸರು. ಸೀಗಡಿ ಜಾತಿಯ ಪ್ರಾಣಿಯ ಕಣ್ಣು ಅಂತ ಒಂದು. ಒದ್ದೆ ಕಲ್ಲಿನಡಿ ಹರಿಯುವ ಹುಳುವಿನ ಪುಡಿ ಅಂತ ಇನ್ನೊಂದು. ಮತ್ತೊಂದರ ಮೇಲಿನ ಹೆಸರು ಓದಿ ನಿಂತುಬಿಟ್ಟೆ. ನಕ್ಸ್ ವಾಮಿಕಾ. ಅಂದರೆ ನಮ್ಮ ಕಾಸರಕ! ಕಹಿ ಅಂದರೆ ಕಹಿ, ವಿಷ ಅಂದರೆ ವಿಷ. ನಮ್ಮ ಗುಡ್ಡಗಳಲ್ಲಿ ಬೆಳೆಯುವ ಮರದ ಬೀಜ ಹಡಗು ಹತ್ತಿ ಅಲ್ಲಿಯ ಸನ್ಯಾಸಿನಿಯರ ಕಪಾಟು ಸೇರಿದೆ.

ಇನ್ನು ಚಿತ್ರ. ರೋಗಿರ್ ವಾನ್ ಡರ್ ವೈಡನ್ ಅನ್ನುವ ಚಿತ್ರಕಾರ ಬರೆದ ಕೊನೆಯ ತೀರ್ಪಿನ, ಅಂದರೆ ಲೋಕದ ಕೊನೆಗೆ ಸತ್ತವರ ಪಾಪಪುಣ್ಯದ ವಿಚಾರಣೆಯ, ದೊಡ್ಡ ಚಿತ್ರಫಲಕ. ನಡುವೆ ದೇವದೂತ ತಕ್ಕಡಿ ಹಿಡಿದು ಸತ್ತವರನ್ನು ತೂಗುತ್ತಿದ್ದಾನೆ. ಇದರಲ್ಲಿ ನರಕಕ್ಕೆ ಎಳೆಯುವ ಯಮದೂತರೇ ಇಲ್ಲ. ಪಾಪಿಗಳು ತಾವಾಗಿಯೇ ಬೀಳುತ್ತಾರೆ. ಮುಂದೆ ಒಂದು ಕಾಲದಲ್ಲಿ ಅವರೆಲ್ಲ ಬತ್ತಲೆ ಇದ್ದಾರೆ ಅಂತ ಮುಜುಗರಪಟ್ಟು ಬಟ್ಟೆ ಬರೆಸಿದ್ದರು. ಆಮೇಲೆ ಅದನ್ನು ಅಳಿಸಬೇಕಾಯಿತು.

ಇದೆಲ್ಲಕ್ಕೂ ದುಡ್ಡು ಎಲ್ಲಿಂದ ಬಂತು? ದ್ರಾಕ್ಷಿಯಿಂದ. ಜನ ತೋಟಗಳನ್ನು ಆಸ್ಪತ್ರೆಗೆ ದಾನ ಕೊಟ್ಟರು. ಈಗ ಸುಮಾರು 60 ಹೆಕ್ಟೇರ್ ಇದೆ. ಆ ವೈನನ್ನು 1859ರಿಂದ ನವೆಂಬರಿನ ಮೂರನೇ ಭಾನುವಾರ ಪೀಪಾಯಿ ಲೆಕ್ಕದಲ್ಲಿ ಹರಾಜು ಹಾಕುತ್ತಾರೆ. ಒಂದು ಪೀಪಾಯಿಗೆ 228 ಲೀಟರ್. ಆ ವಾರ ರೂಮು ಸಿಗುವುದು ಕಷ್ಟ, ಹೋಗಬೇಡಿ. ಶನಿವಾರ ಹೋಗಿ, ಆಸ್ಪತ್ರೆಯ ಎದುರಿಗೇ ಸಂತೆ.

ಈಗ ಮೇಲಿನ ನೋಟ. ಇಲ್ಲಿ ನನ್ನ ಗುರುವಿನ ಕತೆ ಹೇಳದೆ ಮುಂದೆ ಹೋಗಲಾರೆ.

ಡಿಪ್ಲೊಮಾ, ಬಿಇ ಓದಿದವರೇ, ಬಸ್ಸಿನಲ್ಲಿ ಡ್ರಾಯಿಂಗ್ ಶೀಟಿನ ಸುರುಳಿ, ಮಿನಿ ಡ್ರಾಫ್ಟರ್ ಹಿಡಿದು ಕಂಡಕ್ಟರ್ ಹತ್ತಿರ ಬೈಸಿಕೊಂಡಿದ್ದೀರಲ್ಲ? ಎಕ್ಸ್‌ವೈ ಅನ್ನುವ ಅಡ್ಡಗೆರೆ ಎಳೆದು, ಒಂದೇ ವಸ್ತುವಿನ ಮುಂದಿನ ನೋಟ ಗೆರೆಯ ಮೇಲೆ, ಮೇಲಿನ ನೋಟ ಗೆರೆಯ ಕೆಳಗೆ ಬರೆದಿದ್ದೀರಲ್ಲ? ಆ ಕಷ್ಟಕ್ಕೆಲ್ಲ ಕಾರಣ ಬೋನ್‌ನ ಒಬ್ಬ ಹುಡುಗ. ಗಾಸ್ಪಾರ್ ಮೋಂಜ್. ಹುಟ್ಟಿದ್ದು 1746ರಲ್ಲಿ. ಅಪ್ಪ ಸಣ್ಣ ವ್ಯಾಪಾರಿ. ಹುಡುಗ ಹದಿನೆಂಟರ ಸುಮಾರಿಗೆ ಬೋನ್ ಊರಿನ ದೊಡ್ಡ ನಕ್ಷೆ ಬರೆದ. ಅಳೆಯುವ ಸಾಧನಗಳನ್ನೂ ತಾನೇ ಮಾಡಿಕೊಂಡ. ಅದನ್ನು ನೋಡಿದ ಸೇನಾಧಿಕಾರಿಯೊಬ್ಬ ಅವನನ್ನು ಮೆಜಿಯೇರ್‌ನ ಮಿಲಿಟರಿ ಶಾಲೆಗೆ ಸೇರಿಸಿದ. ಮನೆತನ ದೊಡ್ಡದಲ್ಲ ಅಂತ ಅಲ್ಲಿ ಅಧಿಕಾರಿಗಳ ಜೊತೆ ಕೂರಿಸಲಿಲ್ಲ, ನಕ್ಷೆ ಎಳೆಯುವ ಕೆಲಸಕ್ಕೆ ಹಾಕಿದರು. ಒಂದು ದಿನ ಒಂದು ಲೆಕ್ಕ ಕೊಟ್ಟರು. ಕೋಟೆಯ ಗೋಡೆಯನ್ನು ಎಷ್ಟು ಎತ್ತರಿಸಿದರೆ ಶತ್ರುವಿನ ಗುಂಡು ಒಳಗಿನವರಿಗೆ ತಾಗುವುದಿಲ್ಲ? ಉದ್ದುದ್ದ ಗುಣಾಕಾರದ ಕೆಲಸ. ಮೋಂಜ್ ಗುಣಾಕಾರ ಬಿಟ್ಟು ಚಿತ್ರ ಬರೆದೇ ಉತ್ತರ ತಂದ. ಇಷ್ಟು ಬೇಗ ಆಗುವುದು ಸಾಧ್ಯವೇ ಇಲ್ಲ ಅಂತ ಅಧಿಕಾರಿ ಆ ಹಾಳೆಯನ್ನು ನೋಡಲೂ ಒಪ್ಪಲಿಲ್ಲವಂತೆ! ನೋಡಿದ ಮೇಲೆ ಇದು ಸೇನೆಯ ಗುಟ್ಟು, ಯಾರಿಗೂ ಹೇಳಬೇಡ ಅಂದರು. ಎಲ್ಲರೆದುರು ಅದನ್ನು ಪಾಠ ಮಾಡಲು ಮೋಂಜ್ 1795ರವರೆಗೆ ಕಾಯಬೇಕಾಯಿತು, ಫ್ರೆಂಚ್ ಕ್ರಾಂತಿ ಆದ ಮೇಲೆ.

ಊರ ನಡುವೆ ಅವನ ಹೆಸರಿನ ಚೌಕ ಇದೆ. ಪ್ರತಿಮೆ ಇದೆ, 1849ರದ್ದು, ಫ್ರಾನ್ಸ್ವಾ ರ್ಯೂದ್ ಅನ್ನುವ ಶಿಲ್ಪಿ ಮಾಡಿದ್ದು. ಜನ ಅದರ ಪಕ್ಕ ಕೂತು ಕಾಫಿ ಕುಡಿದು ಹೋಗುತ್ತಾರೆ, ಒಬ್ಬರೂ ತಲೆ ಎತ್ತುವುದಿಲ್ಲ. ನನಗೆ ಸಿಟ್ಟು ಬಂತು. ನಾನು ಕೈ ಮುಗಿದೆ. ಹೆಂಡತಿ ಕೇಳಿದಳು, "ಮಕ್ಕಳನ್ನೆಲ್ಲ ಫೇಲ್ ಮಾಡಿಸಿದವರು ಇವರೇನಾ?" ಹೌದು, ಇವರೇ.

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ನೋಡಿದೆ ಸ್ವಾಮಿ.

ಮೇಲಿನ ನೋಟ ಅಂದರೆ ಇಷ್ಟೇ, ಊರಿನ ಪಶ್ಚಿಮಕ್ಕೆ ಗುಡ್ಡ ಇದೆ, ಹತ್ತಿ. ಬೋನ್ ನಕ್ಷೆಯ ಹಾಗೆ ಕೆಳಗೆ ಬಿದ್ದಿರುತ್ತದೆ. ದುಂಡಗಿನ ಕೋಟೆ ಗೋಡೆ, ನಡುವೆ ಚರ್ಚು, ಸುತ್ತ ದ್ರಾಕ್ಷಿ ಸಾಲು. ಕೋಟೆಯ ಗೋಡೆಯ ಗುಂಟ ಸಂಜೆ ನಡೆಯಿರಿ, ಸುಮಾರು ಎರಡು ಕಿಲೋಮೀಟರ್, ಕಾಸು ಕೊಡಬೇಕಾಗಿಲ್ಲ. ಹಳೇ ಬುರುಜುಗಳೊಳಗೆ ಈಗ ವೈನ್ ಮಲಗಿದೆ. ಗೋಡೆ ದಪ್ಪ, ಒಳಗೆ ತಂಪು.

ಪಕ್ಕದ ನೋಟಕ್ಕೆ ಒಂದೇ ನಿಮಿಷ ಉಳಿದಿದೆ, ಅನ್ಯಾಯ. ಗುಡ್ಡವನ್ನು ಚಾಕುವಿನಿಂದ ಕೊಯ್ದ ಹಾಗೆ ಪಕ್ಕದಿಂದ ನೋಡಿ. ತುದಿಯಲ್ಲಿ ಕಾಡು, ಕಲ್ಲು ಜಾಸ್ತಿ, ಮಣ್ಣು ತೆಳು. ಬುಡದಲ್ಲಿ ಮಣ್ಣು ದಪ್ಪ, ನೀರು ನಿಲ್ಲುತ್ತದೆ. ನಡುವಿನ ಇಳಿಜಾರಿನಲ್ಲಿ ಸುಣ್ಣಕಲ್ಲು ಬೆರೆತ ಮಣ್ಣು, ನೀರು ಇಳಿದುಹೋಗುತ್ತದೆ, ಬೆಳಗಿನ ಬಿಸಿಲು ನೇರ ಬೀಳುತ್ತದೆ. ದುಬಾರಿ ವೈನ್ ಬರುವುದು ಆ ನಡುವಿನ ಪಟ್ಟಿಯಿಂದ. ಒಂದೇ ಜಾತಿಯ ದ್ರಾಕ್ಷಿ, ನೂರು ಹೆಜ್ಜೆ ಕೆಳಗೆ ಇಳಿದರೆ ಬೆಲೆ ಬೇರೆ. ಅದಕ್ಕೇ ಒಂದೊಂದು ತುಂಡು ನೆಲಕ್ಕೂ ಒಂದೊಂದು ಹೆಸರು, ನಮ್ಮಲ್ಲಿ ಬಾಕಿಮಾರು ಗದ್ದೆ, ಕಟ್ಟದ ಗದ್ದೆ ಅಂತಿಲ್ವಾ, ಹಾಗೆ. ಅಂಥ 1,247 ತುಂಡುಗಳನ್ನು 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ವೈನ್ ಅಂಗಡಿಯಲ್ಲಿ ಬಾಟಲಿ ತಿರುಗಿಸಿ ತಿರುಗಿಸಿ ಲೇಬಲ್ ಓದುವವರು ಒಮ್ಮೆ ಗುಡ್ಡದ ಪಕ್ಕ ನಿಂತರೆ ಸಾಕು. ಫ್ರಂಟ್, ಟಾಪ್, ಸೈಡ್, ಮರೀಬೇಡಿ.

ಸಾಸಿವೆ ಅರೆಯುವ ಕಾರ್ಖಾನೆ ಬಗ್ಗೆ ಹೇಳಬೇಕಿತ್ತು, 1840ರದ್ದು, ಇವತ್ತಿಗೂ ಕಲ್ಲಿನಲ್ಲೇ ಅರೆಯುತ್ತಾರೆ. ಆಗಲಿಲ್ಲ. ಸಸ್ಯಾಹಾರಿಗಳೇ, ಗುಜೇರ್ ಅಂತ ಕೇಳಿ, ಚೀಸ್ ಹಾಕಿದ ಉಬ್ಬಿದ ಬನ್ನು, ಮೊಟ್ಟೆ ಇರುತ್ತದೆ, ನಡೆಯುವವರು ತಿನ್ನಿ. ಮತ್ತೆ ಅಲ್ಲಿ ಮಧ್ಯಾಹ್ನ ಹನ್ನೆರಡು ಹೊಡೆಯಿತೋ, ಸುಮಾರು ಅಂಗಡಿಗಳು ಎರಡರವರೆಗೆ ಬಾಗಿಲು ಹಾಕುತ್ತವೆ. ಬ್ರೆಡ್ಡು, ಹಣ್ಣು ಹನ್ನೊಂದೂವರೆಗೇ ತಗೊಂಡಿಟ್ಟುಕೊಳ್ಳಿ. ನಾವು ತಗೊಂಡಿರಲಿಲ್ಲ.

ನಮಸ್ಕಾರ.