'ಫ್ರೇಜಾ' ಅಲ್ಲ, ಫ್ರೇಯಾ! ಸ್ಕ್ಯಾಂಡಿನೇವಿಯಾದ ಹೆಣ್ಣುಮಕ್ಕಳ ಹೆಸರು ಬಿಡಿಸೋದು ಹೇಗೆ?

[ಪರದೆ: ಡೇನಿಶ್ ಕಾಗುಣಿತದಲ್ಲಿ ಒಂದು ಹೆಸರು, Freja]

ಇದರಲ್ಲಿ 'ಜೆ' ಅಕ್ಷರ ಇದೆ ಅಂತ 'ಫ್ರೇಜಾ' ಅಂದ್ಬಿಡಬೇಡಿ. ಡೇನಿಶ್, ಸ್ವೀಡಿಶ್‌ನಲ್ಲಿ ಆ ಅಕ್ಷರ ನಮ್ಮ 'ಯ'. ಫ್ರೇಯಾ ಅಂದ್ರೆ ಒಡತಿ. ಅಲ್ಲಿನ ಹಳೇ ಪುರಾಣದಲ್ಲಿ ಬೆಕ್ಕುಗಳು ಎಳೆಯೋ ರಥದ ದೇವತೆ.

ಈಗ ಬಹಳ ಜನಪ್ರಿಯ ಹೆಸರು. ಆದ್ರೆ ಸಾವಿರ ವರ್ಷದ ಹಿಂದೆ, ಅಲ್ಲಿನ ಕಡಲಯಾನಿಗಳಾದ ವೈಕಿಂಗರ ಕಾಲದಲ್ಲಿ ಮಗಳಿಗೆ ಫ್ರೇಯಾ ಅಂತ ನೇರವಾಗಿ ಇಡೋ ರೂಢಿ ಇರಲಿಲ್ಲ. ಆಗ ನಡೀತಿದ್ದದ್ದು ಎರಡು ತುಂಡುಗಳ ಸಮಾಸ.

[ಪರದೆ: ಆಸ್ + ಫ್ರಿದ್ = ಆಸ್ಟ್ರಿಡ್]

'ಆಸ್' ಅಂದ್ರೆ ಅಲ್ಲಿನ ಪುರಾಣದ ಮುಖ್ಯ ದೇವರು ಓಡಿನ್‌ನ ಕುಲದ ದೇವರು, 'ಫ್ರಿದ್' ಅಂದ್ರೆ ಚೆಲುವೆ. ಇಂಗ್ರಿಡ್‌ನಲ್ಲೂ ಅದೇ 'ಫ್ರಿದ್'. ಮುಂದಿರೋ 'ಇಂಗ್' ಫ್ರೇಯಾಳ ಅಣ್ಣತಮ್ಮನಾದ ಫ್ರೇಯ್ ದೇವರ ಇನ್ನೊಂದು ಹೆಸರು. ಎರಡರಲ್ಲೂ ಸೇರುವಾಗ 'ಫ' ಬಿದ್ದುಹೋಗಿದೆ. ತೋರಾ ಅನ್ನೋ ಹೆಸರಲ್ಲಿ ಗುಡುಗಿನ ದೇವರು ಥಾರ್ ಇದ್ದಾನೆ. ಸಿಗ್ರಿಡ್‌ನಲ್ಲಿ ಮಾತ್ರ ದೇವರೇ ಇಲ್ಲ: 'ಸಿಗ್' ಅಂದ್ರೆ ಗೆಲುವು, ಅಷ್ಟೆ.

ಎಡವೋದು ಇಲ್ಲೇ. ಹೆಸರಿನ ಪಟ್ಟಿಗಳು ಎರಡು ತುಂಡನ್ನೂ ಅಂಟಿಸಿ 'ದೇವರಂಥ ಚೆಲುವೆ' ಅಂತ ಅರ್ಥ ಕೊಟ್ಟುಬಿಡ್ತವೆ. ಹಾಗಾದ್ರೆ ಗುನ್‌ಹಿಲ್ಡ್ ಬಿಡಿಸಿ ನೋಡಿ: 'ಗುನ್' ಅಂದ್ರೂ ಯುದ್ಧ, 'ಹಿಲ್ಡ್' ಅಂದ್ರೂ ಯುದ್ಧ! ಎರಡೂ ವಾಲ್ಕಿರಿಗಳ, ಅಂದ್ರೆ ರಣರಂಗದಲ್ಲಿ ಸತ್ತ ವೀರರನ್ನ ಆರಿಸೋ ದೇವಕನ್ಯೆಯರ ಹೆಸರೂ ಹೌದು. ಒಟ್ಟು ಅರ್ಥ ಹುಡುಕಿದ್ರೆ ಸಿಗಲ್ಲ. ಅಪ್ಪ, ಅಮ್ಮ, ಅಜ್ಜಿಯ ಹೆಸರಿಂದ ಒಂದೊಂದು ತುಂಡು ತಗೊಂಡು ಜೋಡಿಸೋದೂ ಇತ್ತು, ಅರ್ಥ ಕೂಡುತ್ತೋ ಇಲ್ಲವೋ ಯಾರು ಕೇಳಬೇಕು?

[ಪರದೆ: ಲಿವ್, ಸಾಗಾ, ಸುಲ್ವೇಯ್]

'ಲಿವ್' ಈಗ 'ಜೀವ' ಅನ್ನೋ ಪದಕ್ಕೆ ಹೊಂದುತ್ತೆ. ಲೋಕ ನಾಶವಾದ ಮೇಲೆ ಉಳಿಯೋ ಹೆಣ್ಣಿನ ಹೆಸರೂ ಅದೇ. ಆದ್ರೆ ಹಳೇ ವ್ಯಕ್ತಿನಾಮ 'ಹ್ಲೀಫ್', ಅಂದ್ರೆ ರಕ್ಷಣೆ, ಅದೂ ಇದರೊಳಗೆ ಬೆರೆತಿದೆ. ಸಾಗಾ ಅಂದ್ರೆ ಬರೀ 'ಕತೆ' ಅಲ್ಲ, ಓಡಿನ್ ಜೊತೆ ಚಿನ್ನದ ಬಟ್ಟಲಲ್ಲಿ ಕುಡಿಯೋ ದೇವತೆ. ಸುಲ್ವೇಯ್ ಈ ಪಟ್ಟಿಗೆ ಸೇರಲ್ಲ, ಪುರಾಣದಲ್ಲಿ ಆಕೆ ಇಲ್ಲ. ಆ ಹೆಸರನ್ನ ಬರೆಯೋದು Solveig ಅಂತ, ಕೊನೆಯ 'ಗ'ವನ್ನು ನಾರ್ವೆಯಲ್ಲಿ ಉಚ್ಚರಿಸಲ್ಲ, ನೆನಪಿರಲಿ.

ಇನ್ನು ಐಸ್‌ಲ್ಯಾಂಡ್. ಹೊಸ ಹೆಸರಾದ್ರೆ ಸರ್ಕಾರದ ಹೆಸರು ಸಮಿತಿ ಒಪ್ಪಬೇಕು. ಆ ಸಮಿತಿ ನೋಡೋದರಲ್ಲಿ ಒಂದು, ಹೆಸರಿಗೆ ಷಷ್ಠಿ ವಿಭಕ್ತಿ ಹತ್ತುತ್ತಾ ಅಂತ. ಫ್ರೇಯಾ ಅಲ್ಲಿ 'ಫ್ರೇಯು' ಆಗುತ್ತೆ. ಮಗಳು ತನ್ನ ಹೆಸರಿನ ಕೊನೆಗೆ ಅಮ್ಮನ ಹೆಸರು ಸೇರಿಸಿಕೊಂಡರೆ 'ಫ್ರೇಯುದೋಹ್ತಿರ್', ಫ್ರೇಯಾಳ ಮಗಳು.